ಪಾರದರ್ಶಕ ಬಾಡಿ ವಾಶ್‌ನಲ್ಲಿ ಕರಟದ ಪುಡಿ ತಳ ಸೇರದಂತೆ ಹಿಡಿದಿಡುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನಮ್ಮ ತಿಪಟೂರು ಭಾಗದಲ್ಲಿ ಕೊಬ್ಬರಿ ತೆಗೆದ ಮೇಲೆ ಕರಟ ಧಾರಾಳವಾಗಿ ಸಿಗುವುದರಿಂದ, ಅದನ್ನು ಪುಡಿಮಾಡಿಸಿ, ಜರಡಿ ಹಿಡಿದು, ಮೈ ಉಜ್ಜುವ ಬಾಡಿ ವಾಶ್ ಒಂದನ್ನು ರೂಪಿಸುತ್ತಿದ್ದೇನೆ. ದ್ರವ ತಿಳಿಯಾಗಿರಬೇಕು, ಕಂದು ಕಣಗಳು ಬಾಟಲಿಯ ಮೇಲಿಂದ ಕೆಳಗಿನವರೆಗೆ ಸಮನಾಗಿ ನಿಂತಿರಬೇಕು ಎಂಬುದು ನನ್ನ ಉದ್ದೇಶ. ಸದ್ಯದ ಸೂತ್ರದಲ್ಲಿ ನೂರು ಭಾಗಕ್ಕೆ 28 ಶೇಕಡಾ ಎಸ್‌ಎಲ್‌ಇಎಸ್ (ಸೋಡಿಯಂ ಲಾರೆತ್ ಸಲ್ಫೇಟ್, ನೊರೆ ಬರಿಸುವ ಮುಖ್ಯ ತೊಳೆಯುವ ವಸ್ತು) 35 ಭಾಗ, ಕೋಕಮಿಡೋಪ್ರೊಪಿಲ್ ಬೀಟೇನ್ (ಅದರ ಜೊತೆಗಿನ ಸೌಮ್ಯ ತೊಳೆಯುವ ವಸ್ತು) 10 ಭಾಗ, ಗ್ಲಿಸರಿನ್ 2 ಭಾಗ, ಸೋಡಿಯಂ ಬೆಂಜೋಯೇಟ್ (ಕೆಡದಂತೆ ಕಾಯುವ ಪ್ರಿಸರ್ವೇಟಿವ್) 0.5 ಭಾಗ, ಕರಟದ ಪುಡಿ 1 ಭಾಗ ಇವೆ, ಪಿಎಚ್ 5. ಉಪ್ಪು ಹಾಕಿ ಚೆನ್ನಾಗಿ ದಪ್ಪ ಮಾಡಿದರೂ ಪುಡಿ ಕೆಲವೇ ದಿನಗಳಲ್ಲಿ ತಳ ಸೇರುತ್ತದೆ. ಉಪ್ಪನ್ನು ಇನ್ನೂ ಹೆಚ್ಚಿಸಬೇಕೇ, ಅಥವಾ ಕಾರ್ಬೋಮರ್ (ಜೆಲ್ ಕಟ್ಟುವ ಪಾಲಿಮರ್) ಸೇರಿಸಬೇಕೇ?

ಉತ್ತರ 1

ಎರಡೂ ಬೇಡ. ಉಪ್ಪು ಒಂದು ಮಿತಿ ದಾಟಿದರೆ ದ್ರವ ಮತ್ತೆ ತೆಳ್ಳಗಾಗುತ್ತದೆ. ಕಾರ್ಬೋಮರ್ ಉಪ್ಪನ್ನು ತಾಳುವುದಿಲ್ಲ. ತಾವು ಬೇರೆಯಾಗಿ ಉಪ್ಪು ಹಾಕದಿದ್ದರೂ ಬೀಟೇನ್ ತನ್ನೊಡನೆ ತರುವ ಉಪ್ಪೇ ಅದರ ಜೆಲ್ ಕುಸಿಯಲು ಸಾಕು.

ನಿಜವಾದ ಕೊರತೆ ದಪ್ಪದಲ್ಲಿಲ್ಲ. ಉಪ್ಪಿನಿಂದ ದಪ್ಪವಾದ ಸರ್ಫ್ಯಾಕ್ಟೆಂಟ್ (ಎಸ್‌ಎಲ್‌ಇಎಸ್, ಬೀಟೇನ್‌ನಂತಹ ತೊಳೆಯುವ ವಸ್ತು) ದ್ರಾವಣ ನಿಧಾನವಾಗಿಯಾದರೂ ಹರಿಯುತ್ತಲೇ ಇರುವುದರಿಂದ, ಒಂದು ಕಣದ ಅತ್ಯಲ್ಪ ಭಾರಕ್ಕೂ ದಾರಿ ಬಿಡುತ್ತದೆ. ದ್ರವದಲ್ಲಿ ಕಣ ಇಳಿಯುವ ವೇಗವನ್ನು ಹೇಳುವ ಸ್ಟೋಕ್ಸ್ ನಿಯಮದಂತೆ ಲೆಕ್ಕ ಹಾಕಿದರೆ, 10,000 ಸೆಂಟಿಪಾಯ್ಸ್ ದಪ್ಪದ ದ್ರವದಲ್ಲಿಯೂ 200 ಮೈಕ್ರಾನ್ ವ್ಯಾಸದ ಕಣವೊಂದು, ದ್ರವಕ್ಕಿಂತ ಘನ ಸೆಂಟಿಮೀಟರಿಗೆ 0.3 ಗ್ರಾಂ ಹೆಚ್ಚು ಸಾಂದ್ರವಾಗಿದ್ದರೆ, ದಿನಕ್ಕೆ 5ರಿಂದ 6 ಸೆಂಟಿಮೀಟರ್ ಇಳಿಯುತ್ತದೆ. ದಪ್ಪವನ್ನು ದ್ವಿಗುಣಗೊಳಿಸಿದರೆ ಈ ವೇಗ ಅರ್ಧಕ್ಕಿಳಿಯಬಹುದೇ ಹೊರತು ನಿಲ್ಲುವುದಿಲ್ಲ. ತಮಗೆ ಬೇಕಾಗಿರುವುದು ಯೀಲ್ಡ್ ಸ್ಟ್ರೆಸ್, ಅಂದರೆ ಒಂದು ಕನಿಷ್ಠ ಒತ್ತಡ ಬೀಳುವವರೆಗೂ ದ್ರವ ಕದಲದೆ ನಿಲ್ಲುವ ಗುಣ. ಈ ಗಾತ್ರದ ಕಣಕ್ಕೆ ಬೇಕಾಗುವ ಯೀಲ್ಡ್ ಸ್ಟ್ರೆಸ್ ಲೆಕ್ಕದಲ್ಲಿ 0.1 ಪಾಸ್ಕಲ್‌ಗಿಂತಲೂ ಕಡಿಮೆ. ಆದರೆ ಲಾರಿಯ ಕುಲುಕಾಟ ಮತ್ತು ಬೇಸಿಗೆಯ ಶಾಖವನ್ನೂ ತಾಳಬೇಕಾದ್ದರಿಂದ ಅದಕ್ಕಿಂತ ಬಹಳ ಹೆಚ್ಚು ಇಟ್ಟುಕೊಳ್ಳುವುದು ಕ್ಷೇಮ.

ತಮ್ಮ ಪಿಎಚ್ ಮತ್ತು ಪ್ರಿಸರ್ವೇಟಿವ್ ಎರಡನ್ನೂ ಬದಲಿಸದೆ ಈ ಗುಣ ಪಡೆಯಲು ಪಾರದರ್ಶಕ ದರ್ಜೆಯ ಕ್ಸಾಂಥನ್ ಗಮ್ (ನೀರಿನಲ್ಲಿ ಅರಳಿ ದಪ್ಪವಾಗುವ ಅಂಟು) ಸುಲಭದ ದಾರಿ. ಅದನ್ನು 0.6ರಿಂದ 0.8 ಭಾಗದಷ್ಟು ತೆಗೆದುಕೊಂಡು, ಗ್ಲಿಸರಿನ್‌ನಲ್ಲಿ ಕದಡಿ, ನೀರಿಗೆ ಸೇರಿಸಿ, ಪೂರ್ತಿ ಅರಳಿದ ಮೇಲೆಯೇ ಎಸ್‌ಎಲ್‌ಇಎಸ್ ಹಾಕಿ. ಮೊದಲೇ ಸರ್ಫ್ಯಾಕ್ಟೆಂಟ್ ಬಿದ್ದರೆ ಗಮ್ ಸರಿಯಾಗಿ ನೆನೆಯದೆ ಗಂಟು ಕಟ್ಟುತ್ತದೆ. ಉಪ್ಪನ್ನು ತೀರ ಕಡಿಮೆ ಮಾಡಿ, ಏಕೆಂದರೆ ಉಪ್ಪೂ ಸರ್ಫ್ಯಾಕ್ಟೆಂಟೂ ಹೆಚ್ಚಿರುವಲ್ಲಿ ಕ್ಸಾಂಥನ್ ಮಬ್ಬಾಗಿ ಬೇರ್ಪಡುವ ಸಂಭವವಿದೆ.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಆಯ್ಕೆಯನ್ನಲ್ಲ. ಕ್ಸಾಂಥನ್ ಹಾಕಿದ ದ್ರವ ಗಾಜಿನಷ್ಟು ತಿಳಿಯಾಗುವುದು ಅಪರೂಪ, ಕೈಗೆ ಲೋಳೆಯಂತೆಯೂ ಎಳೆಯುತ್ತದೆ. ಬಾಟಲಿಯ ನೋಟವೇ ಮುಖ್ಯವಾದಲ್ಲಿ ಸರ್ಫ್ಯಾಕ್ಟೆಂಟ್‌ಗಳಿಗೆಂದೇ ತಯಾರಾದ ಅಕ್ರಿಲೇಟ್ಸ್ ಕೋಪಾಲಿಮರ್ (ಕ್ಷಾರ ಸೇರಿದಾಗ ಅರಳಿ ದಪ್ಪವಾಗುವ ಪಾಲಿಮರ್) ಉತ್ತಮ. ಇದು ಸುಮಾರು 30 ಶೇಕಡಾ ಘನಾಂಶದ ಹಾಲಿನಂತಹ ದ್ರವವಾಗಿ ದೊರೆಯುತ್ತದೆ. 6ರಿಂದ 8 ಭಾಗ ಬೇಕು. ನೀರಿಗೆ ಇದನ್ನು ಸೇರಿಸಿ, ನಂತರ ಎಸ್‌ಎಲ್‌ಇಎಸ್ ಹಾಕಿ, ಕೈಗವಸು ಮತ್ತು ಕನ್ನಡಕ ಧರಿಸಿ ಕಾಸ್ಟಿಕ್ ಸೋಡಾ ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಾ ಪಿಎಚ್ 6.5ರ ಹತ್ತಿರ ತಂದಾಗ ಮಿಶ್ರಣ ದಪ್ಪವಾಗಿ ತಿಳಿಯಾಗುತ್ತದೆ. ಬೀಟೇನ್ ಆಮೇಲೆ, ಕರಟದ ಪುಡಿ ಕೊನೆಗೆ.

ಇಲ್ಲಿ ಪ್ರಿಸರ್ವೇಟಿವ್‌ನ ಪ್ರಶ್ನೆ ಏಳುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸೋಡಿಯಂ ಬೆಂಜೋಯೇಟ್ ಕೆಲಸ ಮಾಡುವುದು ಬೆಂಜೋಯಿಕ್ ಆಮ್ಲದ ರೂಪದಲ್ಲಿ. ಪಿಎಚ್ 5ರಲ್ಲಿ ಸುಮಾರು 14 ಶೇಕಡಾ ಆ ರೂಪದಲ್ಲಿದ್ದರೆ, 6.5ರಲ್ಲಿ ಉಳಿಯುವುದು ಅರ್ಧ ಶೇಕಡಾ ಮಾತ್ರ. ಆದ್ದರಿಂದ ಫೀನಾಕ್ಸಿಎಥನಾಲ್‌ನಂತಹ, ಪಿಎಚ್ ಅನ್ನು ಅವಲಂಬಿಸದ ಪ್ರಿಸರ್ವೇಟಿವ್‌ಗೆ ಹೋಗಬೇಕು. ಅದರ ಮಿತಿ 1 ಶೇಕಡಾ, ಮತ್ತು ಅದು ದ್ರವವನ್ನು ಸ್ವಲ್ಪ ತೆಳ್ಳಗೆ ಮಾಡುತ್ತದೆ. ಪಾಲಿಮರ್ ಅರಳಿದ ನಂತರ ಸಿಟ್ರಿಕ್ ಆಮ್ಲದಿಂದ ಪಿಎಚ್ ಅನ್ನು ಮತ್ತೆ 5ರ ಕಡೆಗೆ ಇಳಿಸುವ ಕ್ರಮವೂ ಉಂಟು.

ಉತ್ತರ 3

ಕರಟದ ಪುಡಿಯ ಬಗೆಗೆ ಯಾರೂ ಮಾತನಾಡಿಲ್ಲ. ಸಸ್ಯಮೂಲದ ಯಾವುದೇ ಪುಡಿಯಲ್ಲಿ ಸೂಕ್ಷ್ಮಜೀವಿಗಳಿರುತ್ತವೆ. ಹಬೆಯಿಂದಲೋ ಗಾಮಾ ಕಿರಣದಿಂದಲೋ ಶುದ್ಧಿಗೊಳಿಸದ ಪುಡಿ ಹಾಕಿದರೆ ಎಂತಹ ಒಳ್ಳೆಯ ಪ್ರಿಸರ್ವೇಟಿವ್ ಕೂಡ ಸೋಲಬಹುದು. ಎರಡನೆಯದಾಗಿ, ಪುಡಿಯಿಂದ ಕಂದು ಬಣ್ಣ ಬಿಟ್ಟು ತಿಳಿ ದ್ರವ ಹಳದಿಗೆ ತಿರುಗುತ್ತದೆ. ಬಿಸಿನೀರಿನಲ್ಲಿ ಪದೇಪದೇ ತೊಳೆದು ಒಣಗಿಸಿ, ಕಬ್ಬಿಣ ಬಣ್ಣವನ್ನು ಗಾಢಗೊಳಿಸುವುದರಿಂದ ಕಬ್ಬಿಣದ ಪಾತ್ರೆ ಬಿಟ್ಟು ಸ್ಟೀಲ್ ಬಳಸಿ, ಕಬ್ಬಿಣದ ಅಂಶವನ್ನು ಹಿಡಿದಿಡುವ ಡೈಸೋಡಿಯಂ ಇಡಿಟಿಎ 0.1 ಭಾಗ ಸೇರಿಸಿ. ಜರಡಿಯಿಂದ ದೊಡ್ಡ ಚೂರುಗಳನ್ನು ಬೇರ್ಪಡಿಸುವುದು ಎರಡು ಕಾರಣಗಳಿಗೆ ಅಗತ್ಯ: ಚೂಪಾದ ಅಂಚು ಚರ್ಮವನ್ನು ಗೀರುತ್ತದೆ, ಮತ್ತು ಕಣ ದೊಡ್ಡದಾದಷ್ಟೂ ಹಿಡಿದಿಡುವುದು ಕಷ್ಟ.

ಇಷ್ಟೆಲ್ಲ ತೊಂದರೆಯಿದ್ದರೂ ತಾವು ಪ್ಲಾಸ್ಟಿಕ್ ಕಣಗಳತ್ತ ಹೋಗದಿರುವುದು ನನಗೆ ಸಂತೋಷ ತಂದಿದೆ. ಅವು ಚರಂಡಿಯ ಮೂಲಕ ಕೆರೆ, ನದಿ ಸೇರುತ್ತವೆ ಎಂಬ ಕಾರಣಕ್ಕೆ ಅಮೆರಿಕ 2015ರಲ್ಲೇ ಕಾನೂನು ಮಾಡಿ ತೊಳೆದುಹೋಗುವ ಸೌಂದರ್ಯವರ್ಧಕಗಳಲ್ಲಿ ಅವುಗಳನ್ನು ನಿಷೇಧಿಸಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನನಗೆ ನೋಟ ಮುಖ್ಯವಾದ್ದರಿಂದ ಅಕ್ರಿಲೇಟ್ಸ್ ದಾರಿಯನ್ನು ಆರಿಸಿಕೊಳ್ಳುತ್ತೇನೆ. ರಿಯೋಮೀಟರ್ (ದ್ರವದ ಹರಿವನ್ನು ಅಳೆಯುವ ಯಂತ್ರ) ಇಲ್ಲದೆ ಯೀಲ್ಡ್ ಸ್ಟ್ರೆಸ್ ಬಂದಿದೆಯೇ ಎಂದು ತಿಳಿಯುವ ಉಪಾಯವಿದೆಯೇ?

ಉತ್ತರ 2 ಬರೆದವರು

ಇದೆ. ದ್ರವವನ್ನು ಬಾಟಲಿಯಲ್ಲಿ ಕುಲುಕಿ ಒಂದು ರಾತ್ರಿ ಇಡಿ. ಸಣ್ಣ ಗಾಳಿಗುಳ್ಳೆಗಳು ಮೇಲೇರಿ ಮಾಯವಾಗಿದ್ದರೆ ಯೀಲ್ಡ್ ಸ್ಟ್ರೆಸ್ ಇಲ್ಲ; ಇದ್ದಲ್ಲೇ ಇದ್ದರೆ ಬಂದಿದೆ. ಇದೇ ಕಾರಣಕ್ಕೆ ತಯಾರಿಕೆಯಲ್ಲಿ ಗಾಳಿ ಸೇರದಂತೆ ನೋಡಿಕೊಳ್ಳಬೇಕು, ಏಕೆಂದರೆ ಕಣವನ್ನು ಹಿಡಿಯುವ ಜಾಲವೇ ಗುಳ್ಳೆಯನ್ನೂ ಹಿಡಿದು ದ್ರವವನ್ನು ಮಬ್ಬಾಗಿಸುತ್ತದೆ. ಕಾಸ್ಟಿಕ್ ಹಾಕುವ ಮೊದಲು ಮಿಶ್ರಣ ತೆಳ್ಳಗಿರುವಾಗಲೇ ನೊರೆ ಪೂರ್ತಿ ಇಳಿಯಲು ಬಿಡಿ, ನಂತರ ಕಡಿಮೆ ವೇಗದಲ್ಲಿ ಮಾತ್ರ ತಿರುಗಿಸಿ. ಕೊನೆಗೆ ಕೆಲವು ಬಾಟಲಿಗಳನ್ನು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ತಿಂಗಳು ಇಟ್ಟು ನೋಡಿ. ಉಪ್ಪಿನಿಂದ ಬಂದ ದಪ್ಪ ಆ ಶಾಖದಲ್ಲಿ ತಗ್ಗಿದರೂ ಪಾಲಿಮರ್ ಗಟ್ಟಿಯಾಗಿದ್ದರೆ ಕಣಗಳು ಕದಲುವುದಿಲ್ಲ.