ಹುಳಿ ಬಿಯರ್ ಅಂಕಪಟ್ಟಿಗೆ ಕನ್ನಡ ಪದಗಳು ಬೇಕು (ತುರ್ತು)

ಅನುವಾದಕಿ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಶನಿವಾರ ಇಲ್ಲಿನ ಒಂದು ಮೈಕ್ರೋಬ್ರೂವರಿಯಲ್ಲಿ ಹುಳಿ ಬಿಯರ್‌ಗಳ ರುಚಿ ನೋಡಿ ಅಂಕ ಕೊಡುವ ಕೂಟ ಇದೆ. ಅಂಕಪಟ್ಟಿ ಮತ್ತು ಬಾಗಿಲ ಬೋರ್ಡು ಎರಡನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಗುರುವಾರ ಸಂಜೆ ಅಚ್ಚಿಗೆ ಹೋಗಬೇಕು. ಪಟ್ಟಿ ಬಿಜೆಸಿಪಿ (ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಸಂಸ್ಥೆ) ಮಾದರಿಯದು. ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಸಿಗುವ ಅನುಭವಕ್ಕೆ 5, ಒಟ್ಟಂದಕ್ಕೆ 10. ಇದರಲ್ಲಿ ತೊಂದರೆ ಇಲ್ಲ. ಸಿಕ್ಕಿಕೊಂಡಿರುವುದು ಒಳಗಿನ ಸಾಲುಗಳಲ್ಲಿ. ಲ್ಯಾಕ್ಟಿಕ್ ಹುಳಿ, ಅಸಿಟಿಕ್ ಹುಳಿ ಬೇರೆ ಬೇರೆ ಬರೆಯಬೇಕು. ಹುದುಗುವ ಬಗೆಗೆ ‘ವೈಲ್ಡ್ ಫರ್ಮೆಂಟೇಶನ್’, ವಾಸನೆಗೆ ‘ಫಂಕ್’, ‘ಹಾರ್ಸ್ ಬ್ಲಾಂಕೆಟ್’ ಅಂತಾರಲ್ಲ, ಇವಕ್ಕೆ ಏನನ್ನೋಣ? ಕೂಟದವರು ‘ಹಳಸಿದ ಬಿಯರ್’ ಅಂತ ಹಾಕಿ ಎನ್ನುತ್ತಿದ್ದಾರೆ. ನನಗೆ ಒಪ್ಪಿಗೆಯಾಗುತ್ತಿಲ್ಲ.

ನಿವೃತ್ತ ಮೇಷ್ಟ್ರು, ಮೈಸೂರು:

ಹುಳಿ. ಮುಗಿಯಿತು. ಲ್ಯಾಕ್ಟಿಕ್, ಅಸಿಟಿಕ್ ಎಲ್ಲ ಯಾಕೆ? ಪದದ ಬೇರಿನಲ್ಲೇ ಎಲ್ಲ ಇದೆ. ಹುಳ ಬಿದ್ದದ್ದು ಹುಳಿ. ಬ್ಯಾಕ್ಟೀರಿಯಾ, ಯೀಸ್ಟ್ ಅಂದರೆ ಕಣ್ಣಿಗೆ ಕಾಣದ ಹುಳಗಳೇ ಅಲ್ವಾ? ವೈಲ್ಡ್ ಫರ್ಮೆಂಟೇಶನ್‌ಗೆ ‘ತನ್ಹುದುಗು’ ಸಾಕು. ಫಂಕ್ ಕನ್ನಡಕ್ಕೆ ಬೇಕಿಲ್ಲ, ತೆಗೆದುಹಾಕಿ.

ರುಚಿ ನೋಡುವವನು, ಮಂಗಳೂರು:

ಮೇಷ್ಟ್ರೇ, ಹುಳದಿಂದ ಹುಳಿ ಬರುವುದಿಲ್ಲ. ಹಳಗನ್ನಡದಲ್ಲಿ ಹುಳ ‘ಪುೞು’, ಹುಳಿ ‘ಪುಳಿ’. ಒಂದರಲ್ಲಿ ೞ, ಇನ್ನೊಂದರಲ್ಲಿ ಳ. ತಮಿಳಿನಲ್ಲಿ ಇವತ್ತಿಗೂ ಎರಡೂ ಬೇರೆ. ಕನ್ನಡದಲ್ಲಿ ೞ ಹೋಗಿ ಎರಡೂ ಒಂದೇ ಥರ ಕೇಳುತ್ತವೆ, ಅಷ್ಟೇ. ಈ ವ್ಯುತ್ಪತ್ತಿಯನ್ನು ದಯವಿಟ್ಟು ಬೋರ್ಡಿನ ಮೇಲೆ ಹಾಕಬೇಡಿ.

ಮೇಡಂ, ‘ಹಳಸಿದ’ ಖಂಡಿತ ಬೇಡ. ಅನ್ನ ಹಳಸಿದರೆ ಚೆಲ್ಲುತ್ತೇವೆ. ದೋಸೆ ಹಿಟ್ಟು ಹುಳಿ ಬರಲಿ ಅಂತ ರಾತ್ರಿಯೆಲ್ಲ ಕಾಯುತ್ತೇವೆ. ಈ ಬಿಯರ್ ಎರಡನೆಯ ಜಾತಿಯದು. ‘ಹಳಸಿದ’ ಅಂತ ಅಚ್ಚು ಹಾಕಿದರೆ ಕುಡಿಯುವ ಮೊದಲೇ ಅಂಕ ಕಳೆದಂತೆ.

ಹುಳಿಯನ್ನು ಎರಡಾಗಿ ಒಡೆಯಲೇಬೇಕು. ಲ್ಯಾಕ್ಟಿಕ್‌ಗೆ ‘ಮೊಸರಿನ ಹುಳಿ’ ಅನ್ನಿ. ನಾಲಿಗೆಯ ಎರಡೂ ಬದಿಯಲ್ಲಿ ಜುಮ್ಮೆಂದು ನಿಲ್ಲುತ್ತದೆ, ಮೂಗಿಗೆ ಏರುವುದಿಲ್ಲ. ‘ಮಜ್ಜಿಗೆ ಹುಳಿ’ ಅನ್ನಬೇಡಿ, ಜನ ಬೂದುಗುಂಬಳಕಾಯಿ ನೆನೆಸಿಕೊಳ್ಳುತ್ತಾರೆ. ಅಸಿಟಿಕ್‌ಗೆ ‘ವಿನಿಗರ್ ಹುಳಿ’. ಅದು ಲೋಟ ಎತ್ತುತ್ತಿದ್ದಂತೆ ಮೂಗಿಗೆ ಹೊಡೆಯುತ್ತದೆ, ನುಂಗುವಾಗ ಗಂಟಲು ಸುಡುತ್ತದೆ. ಅಂಕ ಬೀಳುವುದೇ ಈ ವ್ಯತ್ಯಾಸದ ಮೇಲೆ. ಬೆಲ್ಜಿಯಂನ ರೂಸೆಲಾರೆಯ ರೋಡನ್‌ಬಾಕ್‌ನಂಥ ಫ್ಲಾಂಡರ್ಸ್ ಕೆಂಪು ಬಿಯರ್ ದೊಡ್ಡ ಓಕ್ ಪೀಪಾಯಿಗಳಲ್ಲಿ ಮಾಗುತ್ತದೆ, ಅಲ್ಲಿ ಸ್ವಲ್ಪ ವಿನಿಗರ್ ಹುಳಿ ಇದ್ದರೆ ಚೆನ್ನ. ಅದೇ ಬೆಲ್ಜಿಯಂನ ಇನ್ನೊಂದು ಹುಳಿ ಬಿಯರ್ ಗೂಜ್‌ನಲ್ಲಿ ವಿನಿಗರ್ ಮುಂದೆ ಬಂದರೆ ದೋಷ.

ಇನ್ನು ‘ವೈಲ್ಡ್’. ಇಲ್ಲಿ ಮೇಷ್ಟ್ರ ‘ತನ್ಹುದುಗು’ ಅರ್ಧ ಸರಿ. ಬ್ರಸೆಲ್ಸ್ ಪಕ್ಕದ ಪಾಯೋಟನ್‌ಲ್ಯಾಂಡ್‌ನಲ್ಲಿ ಲ್ಯಾಂಬಿಕ್ ಅನ್ನುವ ಬಿಯರ್ ಮಾಡುತ್ತಾರೆ. ಬಾರ್ಲಿ ಮಾಲ್ಟಿಗೆ ಮೊಳಕೆ ಬರಿಸದ ಗೋಧಿ ಸೇರಿಸಿ, ಹಳೆಯ ಹಾಪ್ಸ್ (ಬಿಯರ್‌ಗೆ ಹಾಕುವ ಕಹಿ ಹೂವು) ಹಾಕಿ ಕುದಿಸುತ್ತಾರೆ. ಆಮೇಲೆ ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಟ್ಟು ಆರಿಸುತ್ತಾರೆ. ಗಾಳಿಯಲ್ಲಿ, ಮರದ ಪೀಪಾಯಿಯಲ್ಲಿ ಇರುವ ಯೀಸ್ಟು, ಬ್ಯಾಕ್ಟೀರಿಯಾಗಳೇ ಕೆಲಸ ಮಾಡುತ್ತವೆ. ಬೇಸಿಗೆಯಲ್ಲಿ ಬೇಡದ್ದು ಜಾಸ್ತಿ ಸೇರುತ್ತದೆ, ಆದ್ದರಿಂದ ಚಳಿಯ ತಿಂಗಳುಗಳಲ್ಲೇ ಕಾಯಿಸುವುದು. 1900ರಲ್ಲಿ ಶುರುವಾದ ಆಂಡರ್‌ಲೆಕ್ಟ್‌ನ ಕಾಂಟಿಯೋನ್ ಬ್ರೂವರಿ ಇವತ್ತಿಗೂ ಹೀಗೇ ಮಾಡುತ್ತಿದೆ. ಇದಕ್ಕೆ ‘ತಾನಾಗಿ ಹುದುಗಿದ’ ಅನ್ನುವುದು ಸರಿ.

ಆದರೆ ಅಮೆರಿಕದ ‘ವೈಲ್ಡ್ ಏಲ್’ ಬಿಯರ್ ಎಷ್ಟೋ ಸಲ ತಾನಾಗಿ ಹುದುಗಿದ್ದಲ್ಲ. ಬ್ರೆಟನೊಮೈಸಿಸ್ ಯೀಸ್ಟನ್ನು ಬೇಕೆಂದೇ ಹಾಕಿರುತ್ತಾರೆ. ಅದಕ್ಕೆ ‘ಕಾಡು ಯೀಸ್ಟಿನ ಬಿಯರ್’ ಅನ್ನಿ. ಜರ್ಮನಿಯ ಹುಳಿ ಬಿಯರ್‌ಗಳಾದ ಬರ್ಲಿನರ್ ವೈಸ್, ಗೋಜಗಳಲ್ಲಿ ಈಗಿನ ಎಷ್ಟೋ ಈ ಎರಡೂ ಜಾತಿಯವಲ್ಲ. ಕೊಪ್ಪರಿಗೆಯಲ್ಲೇ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಹಾಕಿ, ಹುಳಿ ಬಂದ ಮೇಲೆ ಕುದಿಸಿ ಸಾಯಿಸಿಬಿಡುತ್ತಾರೆ. ಅವು ಬರೀ ‘ಹುಳಿ ಬಿಯರ್’. ಮೂರನ್ನೂ ಒಂದೇ ಸಾಲಿಗೆ ತುರುಕಿದರೆ ಅಂಕ ಕೊಡುವವರಿಗೆ ಮೋಸ.

ವಿಜ್ಞಾನ ಪಾಠದ ಅನುವಾದಕ, ಧಾರವಾಡ:

‘ಹುದುಗು’ ಅಂದರೆ ಅಡಗು ಅಂತಲೂ ಅರ್ಥ ಇದೆ. ‘ಕಿಣ್ವನ’ ಖಚಿತ ಪದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಸುರೆಗೆ ಹಾಕುವ ಕಿಣ್ವದ ಮಾತು ಬರುತ್ತದೆ.

ರುಚಿ ನೋಡುವವನು, ಮಂಗಳೂರು:

ಬರುತ್ತದೆ, ನಿಜ. ಆದರೆ ಇವತ್ತು ಪಠ್ಯಪುಸ್ತಕದಲ್ಲಿ ಕಿಣ್ವ ಅಂದರೆ ಎಂಜೈಮ್. ಶಾಲೆ ಕಲಿತ ಯಾರಿಗಾದರೂ ‘ಕಿಣ್ವನ’ ಗೊಂದಲವೇ. ‘ಹುದುಗಿದ ಹಿಟ್ಟು’ ಎಂದಾಗ ಅಡಗಿದ ಹಿಟ್ಟು ಅಂತ ಯಾರೂ ತಿಳಿಯುವುದಿಲ್ಲ.

ಫಂಕ್ ವಿಷಯ. ಇದು ಬ್ರೆಟನೊಮೈಸಿಸ್ ಕೊಡುವ ವಾಸನೆಗಳ ಗುಂಪು. 1904ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಕ್ಲಾಸನ್ ಇಂಗ್ಲಿಷರ ಹಳೆಯ ಬಿಯರ್‌ಗಳ ರುಚಿಗೆ ಈ ಯೀಸ್ಟೇ ಕಾರಣ ಅಂತ ತೋರಿಸಿದ. ಹೆಸರಿನ ಅರ್ಥವೂ ‘ಬ್ರಿಟಿಷ್ ಶಿಲೀಂಧ್ರ’. ‘ಘಾಟು’ ಆಗದು, ಅದು ಒಣಮೆಣಸಿನಕಾಯಿ, ಹೊಗೆಸೊಪ್ಪಿನದು. ‘ಮುಗ್ಗಲು’ ದೋಷದ ಪದ. ‘ಹಾರ್ಸ್ ಬ್ಲಾಂಕೆಟ್’ ಅಂದರೆ ಬೆವರಿದ ಕುದುರೆಯ ಮೇಲೆ ಹೊದಿಸಿದ ಕಂಬಳಿಯ ವಾಸನೆ. ‘ಕುದುರೆ ಲಾಯ’ ಅನ್ನಬಹುದು. ‘ಕೊಟ್ಟಿಗೆ, ಒಣಹುಲ್ಲು’ ಅಂತಲೂ ಸೇರಿಸಿ. ಆದರೆ ‘ಸಗಣಿ’ ಬೇರೆ ಸಾಲಿನಲ್ಲಿ ಇರಲಿ. ಲ್ಯಾಂಬಿಕ್‌ನಲ್ಲಿ ಸಗಣಿ ನಾತ, ಹೊಗೆ, ಚೀಸ್ ವಾಸನೆ ಬಂದರೆ ಅಂಕ ಕಳೆಯುತ್ತಾರೆ.

ನಿವೃತ್ತ ಮೇಷ್ಟ್ರು, ಮೈಸೂರು:

ಲ್ಯಾಂಬಿಕ್, ಗೂಜ್, ಗೋಜ, ಬ್ರೆಟನೊಮೈಸಿಸ್, ಫಂಕ್. ಬೋರ್ಡಿನಲ್ಲಿ ಕನ್ನಡಕ್ಕೆ 60% ಜಾಗ ಬೇಕು ಅಂತ 2024ರಲ್ಲಿ ಕಾನೂನು ತಂದದ್ದು ಇದಕ್ಕೇನಾ? ಲಿಪಿ ಕನ್ನಡ, ಪದ ಎಲ್ಲ ಪರದೇಶದ್ದು! ಬಿಯರ್‌ಗೇ ‘ಬಾರ್ಲಿಗಳ್ಳು’ ಅನ್ನಿ, ಅಲ್ಲಿಂದ ಶುರುಮಾಡಿ.

ರುಚಿ ನೋಡುವವನು, ಮಂಗಳೂರು:

ಬಾರ್ಲಿ ಯಾವ ಭಾಷೆಯದು? ಕನ್ನಡವೇ ಬೇಕಿದ್ದರೆ ಜವೆಗೋಧಿ ಅನ್ನಿ. ಕಳ್ಳು ಮರದಿಂದ ಇಳಿಸುವ ರಸ. ನಮ್ಮೂರಲ್ಲಿ ಬೆಳಿಗ್ಗೆ ಇಳಿಸಿದ್ದು ಸಿಹಿ, ಸಂಜೆಗೆ ಹುಳಿ. ಯಾರೂ ಯೀಸ್ಟ್ ಹಾಕುವುದಿಲ್ಲ. ಆ ಪದಕ್ಕೆ ಅದರದೇ ಆದ ವಸ್ತು ಇದೆ, ಕಿತ್ತು ಇನ್ನೊಂದಕ್ಕೆ ಅಂಟಿಸಬೇಡಿ. ಲ್ಯಾಂಬಿಕ್, ಗೂಜ್ ಊರಿನ ಜೊತೆ ಬಂದ ಹೆಸರುಗಳು. ಇಡ್ಲಿಯನ್ನು ಯಾರಾದರೂ ಬೇರೆ ಭಾಷೆಗೆ ಅನುವಾದಿಸಿದರೆ ನಮಗೆ ಸಿಟ್ಟು ಬರುವುದಿಲ್ಲವೇ?

ಅನುವಾದಕಿ, ಬೆಂಗಳೂರು:

ಎರವಲಿನ ಜಗಳ ಇನ್ನೊಂದು ಓಲೆಯಲ್ಲಿ ನಡೆಯಲಿ, ನನಗೆ ಸಮಯ ಇಲ್ಲ. ಬೋರ್ಡಿಗೆ ‘ಹುಳಿ ಬಿಯರ್ ರುಚಿಕೂಟ’. ಪಟ್ಟಿಗೆ ‘ಮೊಸರಿನ ಹುಳಿ’, ‘ವಿನಿಗರ್ ಹುಳಿ’, ‘ತಾನಾಗಿ ಹುದುಗಿದ’, ‘ಕಾಡು ಯೀಸ್ಟಿನ’, ‘ಕುದುರೆ ಲಾಯ / ಕೊಟ್ಟಿಗೆ / ಒಣಹುಲ್ಲು’. ಈ ಸಾಲಿನ ತಲೆಗೆ ‘ಫಂಕ್’ ಉಳಿಸಿದ್ದೇನೆ. ಒಂದೇ ಬಾಕಿ. ಎಳೆಯ ಲ್ಯಾಂಬಿಕ್‌ನಲ್ಲಿ ಪೀಡಿಯೋಕಾಕಸ್ ಬ್ಯಾಕ್ಟೀರಿಯಾದಿಂದ ದಾರ ದಾರವಾಗಿ ಎಳೆಯುವ ಸ್ಥಿತಿ ಬರುತ್ತದಲ್ಲ, ಅದಕ್ಕೆ ‘ಜಿಗುಟು’ ಹಾಕಲಾ?

ರುಚಿ ನೋಡುವವನು, ಮಂಗಳೂರು:

ಬೇಡ. ಜಿಗುಟು ಬೆರಳಿಗೆ ಅಂಟುತ್ತದೆ, ಇದು ಅಂಟುವುದಿಲ್ಲ. ಬೆಂಡೆಕಾಯಿ ಹೆಚ್ಚಿದಾಗ ಬರುವುದು ‘ಲೋಳೆ’, ಅದನ್ನೇ ಹಾಕಿ. ಪಕ್ಕದಲ್ಲಿ ‘ಮಾಗಿದರೆ ಹೋಗುತ್ತದೆ’ ಅಂತ ಸೇರಿಸಿ, ಬ್ರೆಟನೊಮೈಸಿಸ್ ಅದನ್ನು ತಿಂದು ತಿಳಿ ಮಾಡುತ್ತದೆ. ಸೀಸೆಗೆ ತುಂಬಿ ಮಾರಲು ಬಂದ ಮೇಲೂ ಲೋಳೆ ಇದ್ದರೆ ಮಾತ್ರ ಅಂಕ ಕಳೆಯಿರಿ.

ನಿವೃತ್ತ ಮೇಷ್ಟ್ರು, ಮೈಸೂರು:

ಲೋಳೆ ಸರಿ. ಫಂಕ್‌ಗೆ ನನ್ನ ವಿರೋಧ ದಾಖಲಾಗಲಿ.