ಎರಡನೇ ಬಸಿರು: ‘ಆಕ್ಸಿಡೇಟಿವ್ ಸ್ಟ್ರೆಸ್’ ಟೆಸ್ಟ್ ಮಾಡಿಸಲೇಬೇಕಾ?

ತಿಪಟೂರಿನವಳು:
ಮೊದಲ ಸಲ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಬಂದು, 34ನೇ ವಾರಕ್ಕೇ ಸಿಸೇರಿಯನ್ ಆಯ್ತು. ಮಗ ಈಗ ಅಂಗನವಾಡಿಲಿ ಎಲ್ಲರನ್ನೂ ಆಳ್ತಿದ್ದಾನೆ. ಈಗ ಮತ್ತೆ 11ನೇ ವಾರ. ಲ್ಯಾಬಿನವರು ‘ಆಕ್ಸಿಡೇಟಿವ್ ಸ್ಟ್ರೆಸ್’ ಅಳೆಯೋಕೆ ಎಂಡಿಎ, ಐಸೊಪ್ರೊಸ್ಟೇನ್ ಅಂತೆಲ್ಲ ಒಂದು ಪ್ಯಾಕೇಜ್ ತೋರಿಸಿ “ಬಿಪಿ ಬರೋದು ಮೊದಲೇ ಗೊತ್ತಾಗುತ್ತೆ ಮೇಡಂ” ಅಂತಾರೆ. ರೇಟು ಕೇಳಿ ನಮ್ಮನೆಯವರು ಸುಮ್ಮನಾದರು. ಮಾಡಿಸಲಾ?

ಪಿಪೆಟ್ ಹಿಡಿದವಳು:
ಬೇಡ ಅಕ್ಕ. ಆಕ್ಸಿಡೇಟಿವ್ ಸ್ಟ್ರೆಸ್ ಅಂದರೆ ಆಮ್ಲಜನಕದ ಚುರುಕು ಕಣಗಳು ದೇಹದ ತಡೆಗೂ ಮೀರಿ ಹೆಚ್ಚಾಗಿ ಜೀವಕೋಶಗಳಿಗೆ ಏಟು ಕೊಡೋದು. ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಅಳೆದಿದ್ದೇ ಈ ಎಂಡಿಎ. ಆ ಏಟಿಗೆ ಕೊಬ್ಬು ಆಕ್ಸಿಡೈಸ್ ಆದಾಗ ಉಳಿಯೋ ಚೂರು ಅದು; ಐಸೊಪ್ರೊಸ್ಟೇನೂ ಅಂಥದ್ದೇ. ಸಾಮಾನ್ಯ ವಿಧಾನದಲ್ಲಿ ಎಂಡಿಎಗೆ ಗುಲಾಬಿ ಬಣ್ಣ ಬರಿಸಿ ಅಳೀತಾರೆ. ಆ ಬಣ್ಣ ಬೇರೆ ಪದಾರ್ಥಗಳಿಂದಲೂ ಬರುತ್ತೆ. ಸ್ಯಾಂಪಲ್ ಐಸ್ ಇಲ್ಲದೆ ಕೂತರೆ ಟ್ಯೂಬಿನಲ್ಲೇ ಆಕ್ಸಿಡೈಸ್ ಆಗಿ ಸಂಖ್ಯೆ ಏರುತ್ತೆ.

ಹಾಗಂತ ವಿಷಯವೇ ಸುಳ್ಳಲ್ಲ. ಗರ್ಭಕೋಶದ ಸುರುಳಿ ರಕ್ತನಾಳಗಳು ಸರಿಯಾಗಿ ಅಗಲವಾಗದಿದ್ದರೆ ಮಾಸಿಗೆ ರಕ್ತ ನುಗ್ಗಿ ನುಗ್ಗಿ ಬರುತ್ತೆ. ಅದರಿಂದ ಮಾಸಿನಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಹೆಚ್ಚುತ್ತೆ. ಹಾಗೆ ನೊಂದ ಮಾಸು ತಾಯಿಯ ರಕ್ತಕ್ಕೆ ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ಹೆಚ್ಚು ಬಿಡುತ್ತೆ, ಬಿಪಿ ಏರುತ್ತೆ. ಪ್ರಿಎಕ್ಲಾಂಪ್ಸಿಯಾ (ಬಸಿರಲ್ಲಿ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಬರೋ ನಿಮ್ಮ ಮೊದಲ ಸಲದಂಥ ತೊಂದರೆ) ಇರೋರಲ್ಲಿ ಎಂಡಿಎ ಸರಾಸರಿ ಜಾಸ್ತಿ, ನಿಜ. ಆದರೆ ಒಬ್ಬರ ರಿಪೋರ್ಟ್ ನೋಡಿ ‘ನಿಮಗೆ ಬರುತ್ತೆ’ ಅನ್ನೋಕೆ ಎಲ್ಲರೂ ಒಪ್ಪಿದ ಗೆರೆಯೇ ಇಲ್ಲ.

ಅಜ್ಜಿ ಅಡುಗೆ:
ದಿನಾ ಎರಡು ನೆಲ್ಲಿಕಾಯಿ ತಿನ್ನಮ್ಮ, ಇಲ್ಲಾಂದ್ರೆ ಆಕ್ಸಿಡೈಸ್ ಆಗೋದನ್ನ ತಡೆಯೋ ವಿಟಮಿನ್ ಸಿ, ಇ ಮಾತ್ರೆ ನುಂಗು.

ಪಿಪೆಟ್ ಹಿಡಿದವಳು:
ನೆಲ್ಲಿಕಾಯಿ ತಿನ್ನಲಿ ಅಜ್ಜಿ, ಮಾತ್ರೆ ಬೇಡ. ಬ್ರಿಟನ್ನಿನಲ್ಲಿ ಅಪಾಯ ಹೆಚ್ಚಿದ್ದ 2,400ಕ್ಕೂ ಹೆಚ್ಚು ಬಸುರಿಯರ ಮೇಲೆ ಈ ಸಿ, ಇ ಮಾತ್ರೆಗಳನ್ನೇ ಪರೀಕ್ಷಿಸಿ ನೋಡಿದ್ದರು. ವರದಿ ಬಂದಿದ್ದು 2006ರಲ್ಲಿ. ಮಾತ್ರೆ ನುಂಗಿದವರಲ್ಲಿ ಪ್ರಿಎಕ್ಲಾಂಪ್ಸಿಯಾ ಶೇ. 15, ನುಂಗದವರಲ್ಲಿ ಶೇ. 16. ತೂಕ ಕಡಿಮೆ ಇರೋ ಮಕ್ಕಳು ಮಾತ್ರೆಯವರಿಗೇ ಹೆಚ್ಚು ಹುಟ್ಟಿದವು.

ಅಕ್ಕ, ಆ ದುಡ್ಡು ಉಳಿಸಿ ಈ ವಾರವೇ ಡಾಕ್ಟರ ಹತ್ತಿರ ಹೋಗಿ, ಹಳೇ ಡಿಸ್ಚಾರ್ಜ್ ಸಮ್ಮರಿ ತೋರಿಸಿ ಆಸ್ಪಿರಿನ್ ಬಗ್ಗೆ ಕೇಳಿ. ಇಕೋಸ್ಪ್ರಿನ್ ಅಂತ ಬರೆಯೋದು ಅದೇ. 2017ರ ದೊಡ್ಡ ಪ್ರಯೋಗದಲ್ಲಿ 11–14ನೇ ವಾರದಿಂದ 36ರವರೆಗೆ ರಾತ್ರಿ 150 ಮಿ.ಗ್ರಾಂ ಕೊಟ್ಟಾಗ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾದಂಥ ಪ್ರಿಎಕ್ಲಾಂಪ್ಸಿಯಾ ಶೇ. 4.3ರಿಂದ 1.6ಕ್ಕೆ ಇಳಿಯಿತು. ನೀವಾಗೇ ಅಂಗಡಿಲಿ ತಗೋಬೇಡಿ.

ತಿಪಟೂರಿನವಳು:
ಶುಕ್ರವಾರ ಸ್ಕ್ಯಾನಿಂಗ್ ಇದೆ, ಆಗಲೇ ಕೇಳ್ತೀನಿ. ನನಗೆ ಅಸ್ತಮಾ ಇದೆ, ಹೇಳಬೇಕಾ?

ಪಿಪೆಟ್ ಹಿಡಿದವಳು:
ಅದನ್ನೇ ಮೊದಲು ಹೇಳಿ. ಕೆಲವರಿಗೆ ಆಸ್ಪಿರಿನ್‌ನಿಂದ ಉಬ್ಬಸ ಕೆರಳುತ್ತೆ.