ಎಪಿಒಇ 3/4 ಎಂದು ವರದಿ ಬಂದರೆ ನಡಿಗೆಯಿಂದ ನೆನಪಿನ ಶಕ್ತಿಗೆ ಉಪಯೋಗ ಇದೆಯಾ?

ಪ್ರಶ್ನೆ
68 ವರ್ಷದ ಮಹಿಳೆ. ಮರೆವಿನ ಕಾಯಿಲೆಯಾದ ಆಲ್ಜೈಮರ್ಸ್‌ನ ಅಪಾಯಕ್ಕೆ ಸಂಬಂಧಿಸಿದ ಎಪಿಒಇ ಜೀನಿನ ಪರೀಕ್ಷೆಯಲ್ಲಿ 3/4 ಬಂದಿದೆ. ಮರೆವಿನ ಕಾಯಿಲೆ ಸದ್ಯಕ್ಕಿಲ್ಲ. ಬಿಪಿಗೆ ಮೆಟೊಪ್ರೊಲಾಲ್, ಸಕ್ಕರೆಗೆ ಮೆಟ್‌ಫಾರ್ಮಿನ್ ನಡೀತಿದೆ. ದಿನಾ ಪಾರ್ಕಲ್ಲಿ ನಿಧಾನಕ್ಕೆ ಎರಡು ಸುತ್ತು ಹಾಕ್ತಾರೆ. ಅಷ್ಟು ಸಾಕಾ? ಜೀನೇ ಹೀಗಿದ್ದ ಮೇಲೆ ವ್ಯಾಯಾಮ ಮಾಡಿ ಏನು ಪ್ರಯೋಜನ?

ಉತ್ತರ 1
3/4 ಅಂದರೆ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಎಪ್ಸಿಲಾನ್-3 ರೂಪ, ಇನ್ನೊಂದು ಎಪ್ಸಿಲಾನ್-4 ರೂಪ. ಆ 4 ತಾಯಿಯಿಂದಲೋ ತಂದೆಯಿಂದಲೋ ಬಂದದ್ದು. ಆಲ್ಜೈಮರ್ಸ್ ಅಪಾಯ 3/3 ಇರುವವರಿಗಿಂತ ಸುಮಾರು 3 ಪಟ್ಟು. ಈ ಲೆಕ್ಕ ಹೆಚ್ಚಾಗಿ ಯುರೋಪ್ ಮೂಲದವರದ್ದು, ನಮಗೆ ಹಾಗೇ ಅನ್ವಯಿಸಿಕೊಳ್ಳಬೇಡಿ. 4 ಇದ್ದೂ ಕಾಯಿಲೆ ಬಾರದವರಿದ್ದಾರೆ, 4 ಇಲ್ಲದೆ ಬಂದವರೂ ಇದ್ದಾರೆ.

ಫಿನ್‌ಲೆಂಡಿನ ಫಿಂಗರ್ ಪ್ರಯೋಗದಲ್ಲಿ (2015) 60ರಿಂದ 77 ವರ್ಷದ 1,260 ಜನರಿದ್ದರು. ಊಟ, ವ್ಯಾಯಾಮ, ಮಿದುಳಿಗೆ ಕೆಲಸ, ಬಿಪಿ-ಸಕ್ಕರೆ ಹಿಡಿತ, ಎಲ್ಲವನ್ನೂ ಒಟ್ಟಿಗೆ ಅವರಲ್ಲಿ ಅರ್ಧದಷ್ಟು ಜನರಿಗೆ ಎರಡು ವರ್ಷ ನಡೆಸಿದರು. 4 ಇದ್ದವರಿಗೂ ಲಾಭ ಸಿಕ್ಕಿತು. ಆದರೆ ಅದರಲ್ಲಿ ನಡಿಗೆಯ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾಗದು.

ಉತ್ತರ 2
ನಿಧಾನದ ಎರಡು ಸುತ್ತು ಸಾಲದು. 2011ರ ಅಮೆರಿಕದ ಪ್ರಯೋಗದ ಕ್ರಮ ಹಿಡಿಯಿರಿ: ಮೊದಲ ವಾರ 10 ನಿಮಿಷ, ವಾರಕ್ಕೆ 5 ನಿಮಿಷ ಏರಿಸುತ್ತಾ 7ನೇ ವಾರಕ್ಕೆ 40, ವಾರದಲ್ಲಿ 3 ದಿನ. ವರ್ಷದ ಕೊನೆಗೆ ನೆನಪಿಗೆ ಬೇಕಾದ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗ ನಡೆದವರಲ್ಲಿ ಸುಮಾರು 2% ಬೆಳೆದಿತ್ತು, ಮೈ ಎಳೆಯುವ ವ್ಯಾಯಾಮವಷ್ಟೇ ಮಾಡಿದವರಲ್ಲಿ 1.4% ಕುಗ್ಗಿತ್ತು.

ವೇಗಕ್ಕೆ ನಾಡಿ ಲೆಕ್ಕ ಹೀಗೆ: 220ರಲ್ಲಿ ವಯಸ್ಸು 68 ಕಳೆದರೆ ಗರಿಷ್ಠ ನಾಡಿ 152. ಕೂತಾಗ ನಾಡಿ 72 ಇದ್ದರೆ ವ್ಯತ್ಯಾಸ 80. ಅದರ 60% ಅಂದರೆ 48, ಅದನ್ನು 72ಕ್ಕೆ ಕೂಡಿದರೆ 120. ಆದರೆ ಇವರ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ, ಮೆಟೊಪ್ರೊಲಾಲ್ ನಾಡಿಯನ್ನು ಮೇಲೇರಲು ಬಿಡೋದಿಲ್ಲ. 120 ಮುಟ್ಟಲೇಬೇಕೆಂದು ಹೊರಟರೆ ಸುಸ್ತು, ತಲೆಸುತ್ತು. ಅದರ ಬದಲು ಮಾತು ನೋಡಿಕೊಳ್ಳಿ: ಪೂರ್ತಿ ವಾಕ್ಯ ಆಡಲು ಆಗಬೇಕು, ಹಾಡಲು ಆಗಬಾರದು. ಪರಿಚಯದವರು ಸಿಕ್ಕರೆ ನಿಂತು ಹರಟುವುದು ಆ 40 ನಿಮಿಷದ ಲೆಕ್ಕಕ್ಕೆ ಸೇರೋದಿಲ್ಲ! ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಉತ್ತರ 3
ಮೇಲಿನವರು ಒಂದು ಮಾತು ಬಿಟ್ಟರು. ಅದೇ 2011ರ ಪ್ರಯೋಗದಲ್ಲಿ ನೆನಪಿನ ಪರೀಕ್ಷೆಯ ಅಂಕ ಎರಡೂ ಗುಂಪಿನಲ್ಲಿ ಏರಿತ್ತು. 2015ರ ಲೈಫ್ ಪ್ರಯೋಗದಲ್ಲಿ 70ರಿಂದ 89 ವರ್ಷದ 1,635 ಜನರಲ್ಲಿ ಅರ್ಧದಷ್ಟು ಜನರಿಗೆ ಎರಡು ವರ್ಷ ವ್ಯಾಯಾಮ ಮಾಡಿಸಿದರೂ, ಆರೋಗ್ಯದ ಪಾಠ ಕೇಳಿದ ಉಳಿದವರಿಗಿಂತ ನೆನಪಿನಲ್ಲಿ ಹೆಚ್ಚುವರಿ ಲಾಭ ಕಾಣಲಿಲ್ಲ. ಹಾಗಂತ ನಡಿಗೆ ಬಿಡಬೇಡಿ, ಬಿಪಿ, ಸಕ್ಕರೆ, ಬೀಳುವ ಭಯ ಎಲ್ಲಕ್ಕೂ ಅದು ಬೇಕು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ 10 ಸಲ ಏಳುವುದನ್ನೂ ಸೇರಿಸಿ.

ಮೊದಲು ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡರೆ ಅದು ಇಳಿಯಬಹುದು, ಸಸ್ಯಾಹಾರಿಗಳಾದರೆ ಇನ್ನೂ ಬೇಗ, ಕೊರತೆ ಹೆಚ್ಚಿದರೆ ಮರೆವು ಬರಬಹುದು. ಥೈರಾಯ್ಡ್, ಕಿವಿ ಕೇಳಿಸುವಿಕೆ, ನಿದ್ದೆ ತರುವ ಅಲರ್ಜಿ ಮಾತ್ರೆ ಇವನ್ನೂ ಗಮನಿಸಿ. ಇವು ಸರಿಪಡಿಸಬಹುದಾದ ಕಾರಣಗಳು, ಜೀನ್ ಅಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದ. ಇವರ ಮಕ್ಕಳೂ ಈ ಪರೀಕ್ಷೆ ಮಾಡಿಸಬೇಕಾ?

ಉತ್ತರ 1
ತಾಯಿಯ ಕಡೆಯಿಂದ 4 ಬಂದಿರುವ ಸಾಧ್ಯತೆ ಪ್ರತಿ ಮಗುವಿಗೂ 50%. ಗೊತ್ತಾದರೂ ಮಾಡುವ ಕೆಲಸ ಇದೇ ಆದ್ದರಿಂದ, ಲಕ್ಷಣಗಳಿಲ್ಲದವರಿಗೆ ವಾಡಿಕೆಯಾಗಿ ಈ ಪರೀಕ್ಷೆ ಬರೆಯೋದಿಲ್ಲ. ಆದರೂ ಮಾಡಿಸುತ್ತೇವೆ ಅಂದರೆ, ರಕ್ತ ಕೊಡುವ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್ (ಫಲಿತಾಂಶದ ಅರ್ಥ ತಿಳಿಸುವ ತಜ್ಞರ ಸಲಹೆ) ಮುಗಿಸಿಕೊಳ್ಳಲಿ.